ದಮ್ಮು, ನೋವಿನ ಗುಳಿಗೆ ಮತ್ತು ನನ್ನ ಕಿಸೆಯ ಚೀಟಿ

ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುವವನಿಗೆ ದಮ್ಮು ಬಂದರೆ ಅದಕ್ಕೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ನಾನು ಹದಿನಾರು ವರ್ಷಗಳಿಂದ ಬ್ಯಾಡಗಿಯ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೇನೆ. ಸುಗ್ಗಿಯ ತಿಂಗಳುಗಳಲ್ಲಿ, ಅದರಲ್ಲೂ ಸೋಮವಾರ ಮತ್ತು ಗುರುವಾರದ ವಹಿವಾಟಿನ ದಿನಗಳಲ್ಲಿ, ಅಂಗಳದ ತುಂಬ ಕೆಂಪು ರಾಶಿ ಬಿದ್ದು, ಹಮಾಲರು ಚೀಲ ಸುರಿದಾಗಲೆಲ್ಲ ಏಳುವ ಧೂಳು ನನ್ನ ಕೀರ್ದಿ ಪುಸ್ತಕದ ಹಾಳೆಗಳ ಮೇಲೂ ಕೂರುತ್ತದೆ. ಅಲ್ಲಿ ಸೀನುವುದು, ಕೆಮ್ಮುವುದು, ಮೂಗು ಒರೆಸಿಕೊಳ್ಳುವುದು ಕೆಲಸದ ಒಂದು ಭಾಗವೇ ಆಗಿದೆ. ಆದ್ದರಿಂದ ಮೂವತ್ಮೂರನೆಯ ವಯಸ್ಸಿನಲ್ಲಿ ನನ್ನ ಮೂಗು ಕಟ್ಟಲು ಶುರುವಾಗಿ ವರ್ಷವಾದರೂ ಬಿಡದೇ ಇದ್ದಾಗ, ಅಂಗಡಿಯ ಹಿರಿಯ ಹಮಾಲರು "ಘಾಟು ಬಡದೈತ್ರಿ ನಿಮಗ" ಎಂದು ಹೇಳಿದ್ದನ್ನು ನಾನೂ ಒಪ್ಪಿಕೊಂಡೆ.

ಆದರೆ ಆಗಲೇ ಒಂದು ವಿಷಯ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ನನಗೆ ಘಾಟು ತಿಳಿಯುತ್ತಿತ್ತು, ವಾಸನೆ ತಿಳಿಯುತ್ತಿರಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದನ್ನು ಮೆಣಸಿನಕಾಯಿ ವ್ಯಾಪಾರದವರಿಗೆ ಹೇಳಿಕೊಡಬೇಕಾಗಿಲ್ಲ. ಘಾಟು ಎಂದರೆ ಮೂಗು, ಗಂಟಲು, ಕಣ್ಣು ಉರಿಸುವ ಚುಚ್ಚುವಿಕೆ. ವಾಸನೆ ಎಂದರೆ ಒಣಗಿದ ಕಾಯಿಯನ್ನು ಮುರಿದು ಮೂಗಿಗೆ ಹಿಡಿದಾಗ ಬರುವ, ಸ್ವಲ್ಪ ಸಿಹಿಯಾದ, ಬಿಸಿಲಿನಂಥ ಕಂಪು. ನಮ್ಮ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಡಬ್ಬಿ ಕಾಯಿಯಾದರೆ ಆ ಕಂಪು ಎದ್ದು ಕಾಣುತ್ತದೆ. ಕಾಯಿ ಮುರಿದರೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಕಂಪು ಮಾತ್ರ ಬರುತ್ತಿರಲಿಲ್ಲ. ಮನೆಯಲ್ಲಿ ಒಂದು ದಿನ ಒಲೆಯಿಂದ ಎರಡು ಮಾರು ದೂರದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಹಿತ್ತಲಿನಿಂದ ಓಡಿ ಬಂದ ಹೆಂಡತಿ, "ರೀ, ಹಾಲು ಸೀದು ಕರ‍್ರಗ ಆಗೇತಿ, ಇಲ್ಲೇ ಕುಂತೀರಿ, ವಾಸನಿ ಬರಲಿಲ್ಲೇನು?" ಎಂದು ಕೇಳಿದಾಗಲೇ ನನ್ನ ಮೂಗು ಎಷ್ಟರಮಟ್ಟಿಗೆ ಹೋಗಿದೆ ಎಂದು ತಿಳಿದದ್ದು. ಮೂವತ್ತಾರನೆಯ ವಯಸ್ಸಿಗೆ ಎದೆಯಲ್ಲಿ ಸುಂಯ್ ಎನ್ನುವ ಸದ್ದು ಸೇರಿಕೊಂಡಿತು. ವೈದ್ಯರು ದಮ್ಮು ಎಂದು ಹೇಳಿ ಪಂಪ್ (ಇನ್ಹೇಲರ್) ಬರೆದುಕೊಟ್ಟರು. ಪಂಪ್ ಹಚ್ಚಿಕೊಂಡರೆ ಬಿಡುವುದಿಲ್ಲ ಎಂಬ ಊರಿನ ಮಾತನ್ನು ನಂಬಿ ಮೊದಲ ಆರು ತಿಂಗಳು ಅದನ್ನು ಕಪಾಟಿನಲ್ಲೇ ಇಟ್ಟಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

2022ರ ಫೆಬ್ರವರಿಯ ಒಂದು ರವಿವಾರ ಸಂಜೆ ದವಡೆ ಹಲ್ಲು ನೋಯುತ್ತಿತ್ತು. ಓಣಿಯ ತುದಿಯ ಔಷಧ ಅಂಗಡಿಯಿಂದ ಮಗನ ಕೈಯಲ್ಲಿ ಎರಡು ಗುಳಿಗೆ ತರಿಸಿ, ಊಟವಾದ ಮೇಲೆ ಒಂದನ್ನು ನುಂಗಿದೆ. ಮುಕ್ಕಾಲು ಗಂಟೆಯೊಳಗೆ ಮೊದಲು ಮೂಗು ನಲ್ಲಿಯಂತೆ ಸುರಿಯತೊಡಗಿತು, ಬಳಿಕ ಪೂರ್ತಿ ಕಟ್ಟಿಕೊಂಡಿತು. ಮುಖ, ಕುತ್ತಿಗೆ ಕೆಂಪಾಗಿ ಬಿಸಿಯಾದವು. ಆಮೇಲೆ ಎದೆ ಬಿಗಿಯಿತು. ಪಂಪ್ ನಾಲ್ಕು ಸಲ ಒತ್ತಿದರೂ ಒಳಗೆ ಹೋಗಬೇಕಾದ ಉಸಿರು ಗಂಟಲಿನಲ್ಲೇ ನಿಂತಂತಿತ್ತು. ಪಕ್ಕದ ಮನೆಯವರ ಗಾಡಿಯಲ್ಲಿ ಮೋಟೆಬೆನ್ನೂರಿನ ಬಳಿ ಹೆದ್ದಾರಿ ಹತ್ತಿ ಹಾವೇರಿಗೆ ಹೋಗುವಷ್ಟರಲ್ಲಿ ಒಂದು ವಾಕ್ಯವನ್ನು ಪೂರ್ತಿ ಆಡಲು ನನ್ನಿಂದ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬುಲೈಸರ್, ಚುಚ್ಚುಮದ್ದು ಎಲ್ಲವೂ ಆದವು. ಕೊರೋನಾದ ಮೂರನೆಯ ಅಲೆ ಇನ್ನೂ ಮುಗಿದಿರದ ಕಾಲ; ಮೊದಲು ಆ ಪರೀಕ್ಷೆ ಮಾಡಿ, ಅದು ಇಲ್ಲವೆಂದಾದ ಮೇಲೆ "ಸೀಜನ್ ನಡದೈತಲ್ರೀ, ಮೆಣಸಿನಕಾಯಿ ಧೂಳಿನಿಂದ ಆಗಿರ್ತದ" ಎಂದು ಹೇಳಿ ಮೂರನೆಯ ದಿನ ಮನೆಗೆ ಕಳಿಸಿದರು. ರವಿವಾರ ನಾನು ಪೇಟೆಗೆ ಹೋಗಿಯೇ ಇರಲಿಲ್ಲ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡನೆಯ ಸಲ ಅದು ಆದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಪೇಟೆ ತಣ್ಣಗಿತ್ತು, ಹೊರಗೆ ಮಳೆ ಇತ್ತು, ಅಂಗಳದಲ್ಲಿ ಧೂಳಿರಲಿಲ್ಲ. ಲೆಡ್ಜರಿನ ಕಟ್ಟುಗಳನ್ನು ಅಟ್ಟದಿಂದ ಇಳಿಸುವಾಗ ಸೊಂಟ ಹಿಡಿದುಕೊಂಡಿತು. ಹತ್ತಿರದ ದವಾಖಾನೆಯಲ್ಲಿ ಚುಚ್ಚುಮದ್ದು ಕೊಡುವ ಮೊದಲು, "ಯಾವುದರ ಔಷಧಿ ಅಲರ್ಜಿ ಐತೇನ್ರಿ?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಾನೂ ಪ್ರಾಮಾಣಿಕವಾಗಿಯೇ "ಏನೂ ಇಲ್ರಿ" ಎಂದು ಹೇಳಿದೆ. ಸೂಜಿ ಚುಚ್ಚಿಸಿಕೊಂಡು ಮನೆಗೆ ಬಂದು ಚಹಾ ಕುಡಿದು ಮುಗಿಸುವ ಮೊದಲೇ ಮೂಗು ಸುರಿಯತೊಡಗಿತು. ಮತ್ತೆ ಹಾವೇರಿ, ಮತ್ತೆ ಆಮ್ಲಜನಕ. ನವೆಂಬರಿನಲ್ಲಿ ನೆಂಟರ ಮನೆಯ ಮದುವೆಯಲ್ಲಿ ತಲೆನೋವೆಂದು ಯಾರೋ ನೀರಿನಲ್ಲಿ ಕರಗಿಸಿ ಕೊಟ್ಟ ಗುಳಿಗೆಯನ್ನು ಅರ್ಧ ಲೋಟ ಕುಡಿದಾಗ ಮೂರನೆಯ ಸಲವಾಯಿತು. ಅರ್ಧವೇ ಕುಡಿದದ್ದರಿಂದಲೋ ಏನೋ, ಆ ಸಲ ಪಂಪ್ ಮತ್ತು ಒಂದು ರಾತ್ರಿಯ ನಿದ್ದೆಗೇಡಿನಲ್ಲೇ ಮುಗಿಯಿತು.

ಡಿಸೆಂಬರಿನಲ್ಲಿ ರೈಲು ಹಿಡಿದು ಹುಬ್ಬಳ್ಳಿಯ ಒಬ್ಬ ಎದೆರೋಗದ ವೈದ್ಯರ ಬಳಿ ಹೋದೆ. ಅವರು ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲೇ ಕೇಳಿದ ಪ್ರಶ್ನೆ ಇದು: "ಆ ದಿವಸ ದಮ್ಮು ಏರೂಕಿಂತ ಮೊದಲ, ಮೂರು ತಾಸಿನ ಒಳಗ, ಏನರ ಗುಳಿಗಿ ತಗೊಂಡಿದ್ರೇನು? ಮೂರೂ ಸಲದ್ದು ನೆನಪ ಮಾಡ್ರಿ." ಆಮೇಲೆ ಎರಡನೆಯ ಪ್ರಶ್ನೆ: "ವಾಸನಿ ಬರ್ತದೇನು?" ಮೂರು ವೈದ್ಯರ ಬಳಿ ಹೋದರೂ ನನ್ನನ್ನು ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ಮೂಗಿನೊಳಗೆ ದೀಪ ಹಿಡಿದು ನೋಡಿ, ಎರಡೂ ಹೊಳ್ಳೆಗಳಲ್ಲಿ ದುರ್ಮಾಂಸ ಬೆಳೆದಿದೆ ಎಂದರು. ಸಿಪ್ಪೆ ಸುಲಿದ ಬಿಳಿ ದ್ರಾಕ್ಷಿಯಂತೆ ಕಾಣುತ್ತದೆಯಂತೆ. ಔಷಧಗಳ ಹೆಸರು ನನಗೆ ನೆನಪಿರಲಿಲ್ಲ. ಊರಿಗೆ ಹೋಗಿ ಪತ್ತೆ ಮಾಡಿಕೊಂಡು ಬರಲು ಹೇಳಿದರು.

ಪತ್ತೆ ಮಾಡುವುದು ನನ್ನ ಕಸುಬು. ವ್ಯಾಪಾರದಲ್ಲಿ ಎರಡು ರೂಪಾಯಿ ವ್ಯತ್ಯಾಸ ಬಂದರೆ ವರ್ಷದ ಕೀರ್ದಿಯನ್ನೆಲ್ಲ ತಿರುವಿ ಹಾಕುವವನು ನಾನು. ಹಲ್ಲಿನ ಗುಳಿಗೆಯ ಉಳಿದ ಒಂದು ತುಂಡು ದೇವರ ಕಪಾಟಿನ ಕೆಳಗಿನ ಡ್ರಾದಲ್ಲಿ ಸಿಕ್ಕಿತು. ಅದನ್ನು ಪಟ್ಟಿಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಟ್ಟಿದ್ದರಿಂದ ಹಿಂದಿನ ಬೆಳ್ಳಿ ಹಾಳೆಯ ಮೇಲೆ ಹೆಸರಿನ ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು "400" ಎಂಬ ಅಂಕಿ ಮಾತ್ರ ಉಳಿದಿದ್ದವು. ಅದನ್ನು ಅಂಗಡಿಗೆ ಒಯ್ದು ತೋರಿಸಿದಾಗ ಐಬುಪ್ರೊಫೆನ್ 400 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಕೂಡಿದ ಗುಳಿಗೆ ಎಂದು ಗೊತ್ತಾಯಿತು. ಸೊಂಟದ ಚುಚ್ಚುಮದ್ದು ಡೈಕ್ಲೋಫಿನಾಕ್ ಎಂದು ದವಾಖಾನೆಯ ಚೀಟಿಯಲ್ಲಿತ್ತು. ನೀರಿನಲ್ಲಿ ಕರಗಿಸಿದ್ದು ಆಸ್ಪಿರಿನ್. ಹಾಳೆಯೊಂದಕ್ಕೆ ಗೆರೆ ಹೊಡೆದು ತಾರೀಖು, ನೋವು, ಗುಳಿಗೆಯ ಕಂಪನಿ ಹೆಸರು, ಒಳಗಿನ ಔಷಧದ ಹೆಸರು, ಎಷ್ಟು ಹೊತ್ತಿಗೆ ಉಸಿರು ಕಟ್ಟಿತು ಎಂದು ಬರೆದೆ. ಮೂರು ಸಾಲಿನಲ್ಲಿ ಮೂರು ಬೇರೆ ಹೆಸರುಗಳಿದ್ದವು. ಕೊನೆಯ ಕಲಮಿನಲ್ಲಿ ಮಾತ್ರ ಮುಕ್ಕಾಲು ತಾಸು, ಅರ್ಧ ತಾಸು, ಒಂದು ತಾಸು ಎಂದಿತ್ತು.

"ಮೂರು ಹೆಸರಲ್ರೀ ಇವು, ಒಂದೇ ಮನಿತನ" ಎಂದರು ವೈದ್ಯರು. ನನಗೆ ಆ ದಿನದವರೆಗೆ ಅಲರ್ಜಿ ಎಂದರೆ ಒಂದು ವಸ್ತು ಒಬ್ಬನಿಗೆ ಆಗದಿರುವುದು ಎಂಬ ತಿಳಿವಳಿಕೆ ಇತ್ತು. ಶೇಂಗಾ ಆಗದವನಿಗೆ ಶೇಂಗಾ ಆಗುವುದಿಲ್ಲ, ಕಡಲೆ ಆಗುತ್ತದೆ. ಇದು ಹಾಗಲ್ಲ. ಈ ಔಷಧಗಳ ರಾಸಾಯನಿಕ ರಚನೆಯಲ್ಲಿ ಪರಸ್ಪರ ಹೋಲಿಕೆ ಇಲ್ಲದಿದ್ದರೂ ಅವು ದೇಹದಲ್ಲಿ ಮಾಡುವ ಕೆಲಸ ಒಂದೇ ಆಗಿರುವುದರಿಂದ, ಒಂದು ಆಗದವನಿಗೆ ಆ ಕೆಲಸ ಮಾಡುವ ಯಾವುದೂ ಆಗುವುದಿಲ್ಲ. ರಕ್ತದಲ್ಲಿ ಅಲರ್ಜಿಯ ಪ್ರತಿಕಾಯ ಹುಡುಕಿದರೆ ಸಿಗುವುದಿಲ್ಲ. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ. ಅನುಮಾನವಿದ್ದಾಗ ಆಸ್ಪತ್ರೆಯಲ್ಲಿ, ಎಲ್ಲ ಸಿದ್ಧತೆ ಇಟ್ಟುಕೊಂಡು, ಸಣ್ಣ ಪ್ರಮಾಣದಿಂದ ಏರಿಸುತ್ತ ಆಸ್ಪಿರಿನ್ ಕೊಟ್ಟು ನೋಡುವುದೇ ಖಚಿತವಾದ ಪರೀಕ್ಷೆ. ನನ್ನ ಕೀರ್ದಿಯ ಮೂರು ಸಾಲು ನೋಡಿದ ಮೇಲೆ ನನಗೆ ಅದರ ಅಗತ್ಯವಿಲ್ಲ ಎಂದರು.

ಒಳಗೆ ಏನಾಗುತ್ತದೆ ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ನಮ್ಮ ಪೇಟೆಯ ರೀತಿಯಲ್ಲಿ. ಜೀವಕೋಶಗಳ ಹೊದಿಕೆಯಿಂದ ಅರಾಕಿಡೋನಿಕ್ ಆಮ್ಲ ಎಂಬ ಮಾಲು ಬರುತ್ತದೆ. ಅದನ್ನು ಕೊಳ್ಳುವ ಅಂಗಡಿಗಳು ಎರಡು. ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವದ ಅಂಗಡಿಯಲ್ಲಿ ಅದು ಪ್ರೋಸ್ಟಾಗ್ಲಾಂಡಿನ್‌ಗಳಾಗುತ್ತದೆ. ನೋವು, ಜ್ವರ, ಊತಕ್ಕೆ ಕಾರಣವಾಗುವವು ಇವೇ. ಲಿಪಾಕ್ಸಿಜನೇಸ್ ಎಂಬ ಇನ್ನೊಂದು ಅಂಗಡಿಯಲ್ಲಿ ಅದೇ ಮಾಲು ಲ್ಯೂಕೋಟ್ರೈನ್‌ಗಳಾಗುತ್ತದೆ. ಶ್ವಾಸನಾಳವನ್ನು ಹಿಂಡಿ, ಒಳಪದರವನ್ನು ಊದಿಸಿ, ಲೋಳೆ ತುಂಬಿಸುವುದು ಇವುಗಳ ಕೆಲಸ. ನೋವಿನ ಗುಳಿಗೆ ಮೊದಲ ಅಂಗಡಿಯ ಬಾಗಿಲು ಹಾಕಿಸುತ್ತದೆ, ನೋವು ಇಳಿಯುತ್ತದೆ. ಮಾಲೆಲ್ಲ ಎರಡನೆಯ ಅಂಗಡಿಗೆ ಹರಿಯುತ್ತದೆ ಎಂದು ಹೇಳಿ ಇಲ್ಲಿಗೇ ನಿಲ್ಲಿಸುವವರುಂಟು, ಆದರೆ ಮುಖ್ಯವಾದದ್ದು ಇನ್ನೊಂದಿದೆ. ಮೊದಲ ಅಂಗಡಿಯಲ್ಲಿ ತಯಾರಾಗುವ ಪ್ರೋಸ್ಟಾಗ್ಲಾಂಡಿನ್ ಇ2 ಎಂಬುದು ಎರಡನೆಯ ಅಂಗಡಿಯವನ ಕೈ ಹಿಡಿದು ತಡೆಯುತ್ತಿರುತ್ತದೆ. ನನ್ನಂಥವರ ಮೂಗು ಮತ್ತು ಶ್ವಾಸನಾಳದಲ್ಲಿ ಆ ಎರಡನೆಯ ಅಂಗಡಿ ಮೊದಲೇ ಹಗಲು ರಾತ್ರಿ ತೆರೆದಿರುತ್ತದೆ. ಇರುವ ಒಂದು ತಡೆಯನ್ನೂ ಗುಳಿಗೆ ತೆಗೆದುಹಾಕಿದಾಗ ಲ್ಯೂಕೋಟ್ರೈನ್ ಒಮ್ಮೆಲೇ ಸುರಿಯುತ್ತದೆ. ದಮ್ಮು ಇಲ್ಲದವರಿಗೆ, ದಮ್ಮು ಇದ್ದರೂ ಈ ದೋಷ ಇಲ್ಲದವರಿಗೆ, ಅದೇ ಗುಳಿಗೆಯಿಂದ ಹಲ್ಲುನೋವು ಮಾತ್ರ ಹೋಗುತ್ತದೆ.

ಇದು ಹೊಸ ಶೋಧವೇನೂ ಅಲ್ಲ ಎಂಬುದು ಆಮೇಲೆ ಓದಿದಾಗ ತಿಳಿಯಿತು, ಮತ್ತು ಸ್ವಲ್ಪ ಸಿಟ್ಟೂ ಬಂತು. ಆಸ್ಪಿರಿನ್ ಮಾರಾಟಕ್ಕೆ ಬಂದದ್ದು 1899ರಲ್ಲಿ. 1922ರಲ್ಲಿಯೇ ಫ್ರಾನ್ಸಿನ ಫೆರ್ನಾಂಡ್ ವಿಡಾಲ್ ಮತ್ತು ಅವರ ಸಂಗಡಿಗರು ದಮ್ಮು, ಮೂಗಿನ ದುರ್ಮಾಂಸ, ಆಸ್ಪಿರಿನ್ ಆಗದಿರುವಿಕೆ ಈ ಮೂರೂ ಒಬ್ಬನಲ್ಲೇ ಕೂಡಿಬರುವುದನ್ನು ಬರೆದಿಟ್ಟಿದ್ದರು. ಅಮೆರಿಕದ ಮ್ಯಾಕ್ಸ್ ಸಾಮ್ಟರ್ 1968ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದ್ದರಿಂದ ಈ ಮೂರರ ಕೂಟಕ್ಕೆ ಅವರ ಹೆಸರೇ ನಿಂತಿತು. ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ, ಬೆರ್ಗ್‌ಸ್ಟ್ರಾಮ್ ಮತ್ತು ಸ್ಯಾಮ್ಯುಯೆಲ್ಸನ್ ಅವರೊಂದಿಗೆ, 1982ರಲ್ಲಿ ನೊಬೆಲ್ ಬಂತು. ಆ ತಡೆಯೇ ದಮ್ಮನ್ನು ಏರಿಸುತ್ತದೆ ಎಂದು 1975ರಲ್ಲಿ ಹೇಳಿದವರು ಪೋಲೆಂಡಿನ ಆಂಜೆಯ್ ಶ್ಚೆಕ್ಲಿಕ್ ಮತ್ತು ಸಂಗಡಿಗರು. ವಿಡಾಲ್ ಬರೆದು ಸರಿಯಾಗಿ ನೂರು ವರ್ಷಕ್ಕೆ ನಾನು ಹಾವೇರಿಯಲ್ಲಿ ಆಮ್ಲಜನಕದ ಮುಖವಾಡ ಹಾಕಿಕೊಂಡು ಮೆಣಸಿನಕಾಯಿಯನ್ನು ಬೈಯುತ್ತ ಮಲಗಿದ್ದೆ.

ಬರುವ ಕ್ರಮವೂ ಬಹುಮಟ್ಟಿಗೆ ಒಂದೇ. ಮೂವತ್ತರಿಂದ ನಲವತ್ತರ ಆಸುಪಾಸಿನಲ್ಲಿ, ಮೊದಲು ಬಿಡದ ನೆಗಡಿ, ಬಳಿಕ ವಾಸನೆ ಹೋಗುವುದು ಮತ್ತು ದುರ್ಮಾಂಸ, ಆಮೇಲೆ ದಮ್ಮು, ಕೊನೆಗೆ ಒಂದು ದಿನ ಗುಳಿಗೆಯ ಪೆಟ್ಟು. ಅಲ್ಲಿಯವರೆಗೆ ಅದೇ ಗುಳಿಗೆಯನ್ನು ಎಷ್ಟೋ ಸಲ ನುಂಗಿ ಅರಗಿಸಿಕೊಂಡಿರುತ್ತೇವೆ. ನಾನೂ ಇಪ್ಪತ್ತರ ಹರೆಯದಲ್ಲಿ ಮೈಕೈ ನೋವಿಗೆಲ್ಲ ಅದನ್ನೇ ತಿನ್ನುತ್ತಿದ್ದೆ. ಹಾಗಾಗಿಯೇ ದವಾಖಾನೆಯಲ್ಲಿ "ಅಲರ್ಜಿ ಇಲ್ಲ" ಎಂದಾಗ ನಾನು ಸುಳ್ಳು ಹೇಳಿದಂತೆ ಆಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಕೇಳುವ ಪ್ರಶ್ನೆಯೇ ಬದಲಾಗಬೇಕು. "ಅಲರ್ಜಿ ಇದೆಯೇ" ಎನ್ನುವ ಬದಲು "ನಿಮಗೆ ದಮ್ಮು ಇದೆಯೇ, ನೋವಿನ ಗುಳಿಗೆ ತಿಂದ ಮೇಲೆ ಯಾವತ್ತಾದರೂ ಮೂಗು ಕಟ್ಟಿ ಉಸಿರು ಬಿಗಿದಿತ್ತೇ" ಎಂದು ಕೇಳಿದ್ದರೆ ಆಗಸ್ಟ್‌ನಲ್ಲಿ ನಾನು ಫೆಬ್ರವರಿಯ ರವಿವಾರವನ್ನು ನೆನಪಿಸಿಕೊಳ್ಳುತ್ತಿದ್ದೆ.

ಇಷ್ಟು ತಿಳಿದ ಮೇಲೆ ಹೊಸದಾಗಿ ಮತಾಂತರವಾದವನಂತೆ ಸಿಕ್ಕವರಿಗೆಲ್ಲ ಉಪದೇಶ ಮಾಡತೊಡಗಿದೆ, ಮತ್ತು ಅದರಿಂದ ಒಂದು ಅನಾಹುತ ಆಗುವುದು ಸ್ವಲ್ಪದರಲ್ಲಿ ತಪ್ಪಿತು. ನಮ್ಮ ಕಾಕಾ ಅವರಿಗೆ ಚಿಕ್ಕಂದಿನಿಂದ ದಮ್ಮು. ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ದಿನಾ 75 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರು. ನನ್ನ ಭಾಷಣ ಕೇಳಿದ ಮರುದಿನದಿಂದ ಅದನ್ನು ಬಿಟ್ಟಿದ್ದರು. ಒಂಬತ್ತು ದಿನವಾದ ಮೇಲೆ ಫೋನಿನಲ್ಲಿ, "ತಮ್ಮಾ, ನೀ ಹೇಳಿದಂಗ ಆ ಗುಳಿಗಿ ಬಿಟ್ಟೇನಿ ನೋಡು" ಎಂದಾಗ ನನ್ನ ಕೈಕಾಲು ತಣ್ಣಗಾದವು. ಅದೇ ದಿನ ಅವರನ್ನು ಹೃದಯದ ವೈದ್ಯರ ಬಳಿ ಕರೆದುಕೊಂಡು ಹೋದೆ. ಬೈಗುಳ ನನಗೇ ಬಿದ್ದವು, ನ್ಯಾಯವಾಗಿಯೇ ಬಿದ್ದವು. ನಾಲ್ಕು ವರ್ಷ ದಿನಾ ಆಸ್ಪಿರಿನ್ ನುಂಗಿ ಒಂದು ದಿನವೂ ಉಸಿರು ಕಟ್ಟದ ಮನುಷ್ಯನಿಗೆ ಆಸ್ಪಿರಿನ್ ಆಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಸ್ಟೆಂಟ್ ಇದ್ದವರು ಅದನ್ನು ತಾವಾಗಿ ನಿಲ್ಲಿಸಿದರೆ ಒಳಗೆ ರಕ್ತ ಹೆಪ್ಪುಗಟ್ಟಬಹುದು.

ಆದ್ದರಿಂದ ಅಂಕಿಗಳನ್ನು ಸರಿಯಾಗಿ ಹೇಳುವುದು ನನ್ನ ಮೇಲಿನ ಋಣ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ದಮ್ಮು ಇರುವ ವಯಸ್ಕರಲ್ಲಿ ನೂರಕ್ಕೆ ಸುಮಾರು 7 ಜನರಿಗೆ ಈ ತೊಂದರೆ ಇರುತ್ತದೆ. ದಮ್ಮು ತೀವ್ರವಾಗಿರುವವರಲ್ಲಿ ಅದು ಸುಮಾರು 15 ಆಗುತ್ತದೆ. ದಮ್ಮಿನ ಜೊತೆಗೆ ದುರ್ಮಾಂಸವೂ ಇದ್ದರೆ ಇನ್ನೂ ಹೆಚ್ಚು. ಚಿಕ್ಕ ಮಕ್ಕಳಲ್ಲಿ ಅಪರೂಪ. ಎಂದರೆ ದಮ್ಮು ಇರುವ ಹೆಚ್ಚಿನವರಿಗೆ ಈ ಗುಳಿಗೆಗಳಿಂದ ಏನೂ ಆಗುವುದಿಲ್ಲ, ಮತ್ತು ಇದುವರೆಗೆ ಸರಾಗವಾಗಿ ತೆಗೆದುಕೊಳ್ಳುತ್ತಿರುವವರು ನನ್ನ ಬರಹ ಓದಿ ಹೆದರಬೇಕಾಗಿಲ್ಲ. ಬಿಡದ ನೆಗಡಿ, ಹೋದ ವಾಸನೆ, ದೊಡ್ಡವರಾದ ಮೇಲೆ ಬಂದ ದಮ್ಮು, ಈ ಮೂರೂ ಕೂಡಿದವರು ಮಾತ್ರ ಮುಂದಿನ ಗುಳಿಗೆಗೆ ಮೊದಲು ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮ ಕಡೆ ನಿಜವಾದ ತೊಡಕಿರುವುದು ಹೆಸರಿನಲ್ಲಿ. ಯಾರೂ ಐಬುಪ್ರೊಫೆನ್ ಕೊಡಿ ಎಂದು ಅಂಗಡಿಯಲ್ಲಿ ಕೇಳುವುದಿಲ್ಲ. "ಹಲ್ಲುಬ್ಯಾನಿಗೆ ಒಂದೆರಡು ಗುಳಿಗಿ ಕೊಡ್ರಿ" ಎನ್ನುತ್ತೇವೆ, ಅಥವಾ ಕಂಪನಿಯ ಹೆಸರು ಹೇಳುತ್ತೇವೆ. ಕಾಂಬಿಫ್ಲಾಮ್ ಎಂದರೆ ಒಳಗೆ ಐಬುಪ್ರೊಫೆನ್ ಇದೆ, ಡಿಸ್ಪ್ರಿನ್ ಎಂದರೆ ಆಸ್ಪಿರಿನ್, ವೊವೆರಾನ್ ಎಂದರೆ ಡೈಕ್ಲೋಫಿನಾಕ್, ಹೆಣ್ಣುಮಕ್ಕಳು ಮುಟ್ಟಿನ ಹೊಟ್ಟೆನೋವಿಗೆ ತರಿಸಿಕೊಳ್ಳುವ ಮೆಫ್ಟಾಲ್‌ನಲ್ಲಿ ಮೆಫೆನಾಮಿಕ್ ಆಮ್ಲ, ಝೆರೋಡಾಲ್‌ನಲ್ಲಿ ಅಸೆಕ್ಲೋಫಿನಾಕ್ ಇದೆ ಎಂಬುದು ತಿನ್ನುವವರಲ್ಲಿ ಎಷ್ಟು ಮಂದಿಗೆ ಗೊತ್ತು? ಇವೆಲ್ಲ ಲಕ್ಷಾಂತರ ಜನರಿಗೆ ಒಗ್ಗುವ, ಉಪಯೋಗದ ಔಷಧಗಳೇ. ದೋಷ ಗುಳಿಗೆಯದಲ್ಲ, ನನ್ನ ಮೈಯದು. ಆದರೆ ಹೆಸರು ಗೊತ್ತಿಲ್ಲದೇ ಇದ್ದರೆ ಒಗ್ಗದವನು ತಪ್ಪಿಸಿಕೊಳ್ಳುವುದು ಹೇಗೆ? ಅದರ ಮೇಲೆ ಕತ್ತರಿ. ಹತ್ತರ ಪಟ್ಟಿಯಿಂದ ಎರಡನ್ನು ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟಾಗ ಔಷಧದ ಹೆಸರು ಅಂಗಡಿಯಲ್ಲೇ ಉಳಿಯುತ್ತದೆ. ಬಡವರ ಕಿಸೆಗೆ ಎರಡೇ ಗುಳಿಗೆ ಸಾಕು ಎಂಬುದು ನಿಜ, ಆ ಪದ್ಧತಿಯನ್ನು ನಾನು ದೂರುವುದಿಲ್ಲ. ಪೊಟ್ಟಣದ ಮೇಲೆ ಪೆನ್ನಿನಿಂದ ಹೆಸರು ಬರೆದುಕೊಟ್ಟರೆ ಸಾಕು. ಅರ್ಧ ನಿಮಿಷದ ಕೆಲಸ.

ನಾನು ಈಗ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ. ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ, ನನಗೆ ದಮ್ಮು ಇದೆ, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್, ನ್ಯಾಪ್ರಾಕ್ಸೆನ್, ಮೆಫೆನಾಮಿಕ್ ಆಮ್ಲ, ಕೆಟೊರೊಲ್ಯಾಕ್, ಪೈರಾಕ್ಸಿಕ್ಯಾಮ್ ಇವು ಯಾವ ರೂಪದಲ್ಲೂ ಆಗುವುದಿಲ್ಲ ಎಂದು ಬರೆದಿದೆ. "ಯಾವ ರೂಪದಲ್ಲೂ" ಎಂಬುದನ್ನು ವೈದ್ಯರೇ ಸೇರಿಸಿದರು. ಚುಚ್ಚುಮದ್ದು ಮಾತ್ರವಲ್ಲ, ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಹಾಕುವ ಕೆಲವು ಹನಿಗಳಲ್ಲೂ, ಕೀಲಿಗೆ ಹಚ್ಚುವ ಜೆಲ್‌ನಲ್ಲೂ ಇವೇ ಇರುತ್ತವೆ. ಮೊದಲ ಚೀಟಿ ಅಂಗಿಯ ಜೊತೆಗೆ ನೀರಿಗೆ ಬಿದ್ದು ಮುದ್ದೆಯಾಯಿತು. ಎರಡನೆಯದನ್ನು ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದ್ದೇನೆ.

ಹಾಗಾದರೆ ನೋವಿಗೆ ಏನು? ಪ್ಯಾರಾಸಿಟಮಾಲ್ ನನ್ನಂಥ ಹೆಚ್ಚಿನವರಿಗೆ 500 ಮಿಲಿಗ್ರಾಂನಷ್ಟು ಪ್ರಮಾಣದಲ್ಲಿ ಆಗುತ್ತದೆ. ಒಮ್ಮೆಗೇ 1000 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಕೆಲವರಿಗೆ ಅದೂ ಉಸಿರು ಬಿಗಿಸುತ್ತದೆ. ಈ ಮನೆತನದಲ್ಲೇ ಸೈಕ್ಲೋಆಕ್ಸಿಜನೇಸ್‌ನ ಎರಡನೆಯ ಬಗೆಯನ್ನಷ್ಟೇ ಆರಿಸಿ ತಡೆಯುವ ಸೆಲೆಕಾಕ್ಸಿಬ್, ಎಟೋರಿಕಾಕ್ಸಿಬ್ ಸಾಮಾನ್ಯವಾಗಿ ಆಗುತ್ತವೆ. ಆದರೂ ನನಗೆ ಮೊದಲ ಗುಳಿಗೆಯನ್ನು ಹುಬ್ಬಳ್ಳಿಯಲ್ಲಿ ವೈದ್ಯರ ಎದುರಿಗೇ ನುಂಗಿಸಿ, ಮೂರು ತಾಸು ಬೆಂಚಿನ ಮೇಲೆ ಕೂರಿಸಿ, ನಡುನಡುವೆ ಪೀಪಿಯಂಥ ಕೊಳವೆಯಲ್ಲಿ ಊದಿಸಿ ಉಸಿರಿನ ಬಲ ಅಳೆದ ಮೇಲೆಯೇ ಕಳಿಸಿದರು. ಮನೆಯಲ್ಲಿ ತಾವೇ ಮಾಡಿ ನೋಡುವ ಪರೀಕ್ಷೆ ಇದಲ್ಲ.

ದಿನಾ ಎರಡು ಹೊತ್ತು ಪಂಪ್, ಮೂಗಿಗೆ ಸ್ಟೀರಾಯ್ಡ್ ಸಿಂಪರಣೆ, ರಾತ್ರಿ ಲ್ಯೂಕೋಟ್ರೈನ್ ತಡೆಯುವ ಮಾಂಟೆಲುಕಾಸ್ಟ್ ನಡೆದಿವೆ. ಮಾಂಟೆಲುಕಾಸ್ಟ್ ತೆಗೆದುಕೊಂಡರೆ ನೋವಿನ ಗುಳಿಗೆ ತಿನ್ನಬಹುದೇ ಎಂದು ಆಸೆಯಿಂದ ಕೇಳಿದ್ದೆ, ಇಲ್ಲ ಎಂದರು. ಆಸ್ಪಿರಿನ್ನನ್ನೇ ಆಸ್ಪತ್ರೆಯಲ್ಲಿ ಹನಿಹನಿಯಾಗಿ ಏರಿಸುತ್ತ ಮೈಗೆ ಒಗ್ಗಿಸಿ, ಬಳಿಕ ದಿನಾ ಕೊಡುತ್ತ ಹೋಗುವ ಚಿಕಿತ್ಸೆಯೊಂದಿದೆ ಎಂಬುದು ಕೇಳಲು ವಿಚಿತ್ರವೆನಿಸಿದರೂ ನಿಜ. ದುರ್ಮಾಂಸ ಮತ್ತೆ ಮತ್ತೆ ಬೆಳೆಯುವುದನ್ನು ಅದು ನಿಧಾನಗೊಳಿಸುತ್ತದೆ. ಆದರೆ ಎರಡು ಮೂರು ದಿನ ತಪ್ಪಿಸಿದರೆ ಒಗ್ಗಿದ್ದು ಕೆಟ್ಟು ಮೊದಲಿನಂತಾಗುತ್ತದೆ, ಹೊಟ್ಟೆಯಲ್ಲಿ ಹುಣ್ಣಿದ್ದವರಿಗೆ ಅದು ಹೇಳಿಸಿದ್ದಲ್ಲ. ನನಗೆ ಹುಣ್ಣಿದೆ.

2023ರ ಮೇ ತಿಂಗಳಿನಲ್ಲಿ, ಸುಗ್ಗಿ ಮುಗಿದ ಮೇಲೆ, ದುರ್ಬೀನು ಹಾಕಿ ದುರ್ಮಾಂಸ ತೆಗೆದರು. ಆಸ್ಪತ್ರೆಯಿಂದ ಬಂದ ಹದಿನೇಳನೆಯ ದಿನ ಹೆಂಡತಿ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದ್ದು ನಡುಮನೆಯಲ್ಲಿ ಕುಳಿತ ನನಗೆ ತಿಳಿಯಿತು. ನಾಲ್ಕು ವರ್ಷದ ಮೇಲೆ ಬಂದ ಆ ವಾಸನೆಗೆ ಎದ್ದು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಈ ಬಗೆಯ ದಮ್ಮಿನಲ್ಲಿ ದುರ್ಮಾಂಸ ತಿರುಗಿ ಬೆಳೆಯುವುದು ಹೆಚ್ಚು ಎಂದು ಮೊದಲೇ ಹೇಳಿದ್ದರು, ಮತ್ತು ಈಗ ಎಡ ಹೊಳ್ಳೆ ಮತ್ತೆ ಮಂದವಾಗತೊಡಗಿದೆ. ಬಲಗಡೆಯ ಮೂಗಿನಿಂದ ಡಬ್ಬಿ ಕಾಯಿಯ ಕಂಪು ಇನ್ನೂ ಸಿಗುತ್ತದೆ.

ಕಳೆದ ತಿಂಗಳು ಅದೇ ದವಡೆ ಹಲ್ಲನ್ನು ಕೀಳಿಸಬೇಕಾಯಿತು. ಹಲ್ಲಿನ ವೈದ್ಯರು ಚೀಟಿ ಬರೆದು ನನ್ನ ಕೈಗೆ ಕೊಟ್ಟ ಹೊತ್ತಿಗೆ ಬಾಯಲ್ಲಿ ಹತ್ತಿ ಇತ್ತು, ಮಾತಾಡಲು ಬರುತ್ತಿರಲಿಲ್ಲ. ಕಿಸೆಯ ಚೀಟಿಯನ್ನು ತೆಗೆದು ಅವರ ಚೀಟಿಯ ಮೇಲಿಟ್ಟೆ. ಎರಡೂ ಬದಿ ಓದಿದರು, ತಾವು ಬರೆದ ಎರಡನೆಯ ಸಾಲನ್ನು ಹೊಡೆದು ಹಾಕಿ ಪ್ಯಾರಾಸಿಟಮಾಲ್ 500 ಎಂದು ಬರೆದರು, "ಇದರಿಂದ ಪೂರ್ತಿ ಕಡಿಮಿ ಆಗೂದಿಲ್ರಿ, ಸ್ವಲ್ಪ ತಡಕೋಬೇಕಾಗ್ತದ" ಎಂದರು. ಅವರು ಹೇಳಿದ್ದೇ ಆಯಿತು. ರಾತ್ರಿ ಮೂರರವರೆಗೆ ಕೆನ್ನೆ ಹಿಡಿದುಕೊಂಡು ಪಡಸಾಲೆಯಲ್ಲಿ ಅಡ್ಡಾಡಿದೆ. ಹೆಂಡತಿ ಎರಡು ಸಲ ಎದ್ದು ಬಂದು ಹಲ್ಲಿನ ಬಗ್ಗೆ ಕೇಳದೆ, ನನ್ನ ಬೆನ್ನಿಗೆ ಕಿವಿ ಹಚ್ಚಿ ಉಸಿರು ಕೇಳಿ ಹೋದಳು.